ಸೂಜಿಗೂ ಮದ್ದಿತ್ತು

ನನಗೆ ಹೊಟ್ಟೆಕಿಚ್ಚು. ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರೂ ಅದನ್ನು ಕಂಡುಹಿಡಿದ ಹಾಗೆ ಬೀಗಬೇಕಿಲ್ಲ.

ಮಗಳು ಮಲಗಿದ್ದಾಳೆ. ಅವಳು ಸೇರಬೇಕೆಂದಿರುವ ಕಾಲೇಜಿನವರು ಒಂದು ಪ್ರಬಂಧ ಕೇಳಿದ್ದಾರೆ. ‘ನಿಮ್ಮನ್ನು ರೂಪಿಸಿದ ಒಂದು ಅನುಭವ.’ ಅದು ಚೆನ್ನಾಗಿದ್ದರೆ ಮಾತ್ರ ಸೀಟು. ಎಷ್ಟೋ ದಿನದಿಂದ ಪೆನ್ನು ಕಚ್ಚಿಕೊಂಡು ಕೂರುತ್ತಿದ್ದಾಳೆ. ಇವತ್ತು ಬೆಳಿಗ್ಗೆ ಬಾಯಿಬಿಟ್ಟಳು.

“ನಂಗೇನೂ ಆಗೇ ಇಲ್ವಲ್ಲಮ್ಮ. ಏನಂತ ಬರೀಲಿ?”

ಹಾಗೆಂದಾಗ ಅವಳ ಕೈಯಲ್ಲಿ ಅವಳ ದೊಡ್ಡಮ್ಮ ವಾಂತಿ ಮಾಡಿದ ಬೋಗುಣಿ ಇತ್ತು. ಅದನ್ನು ಹೊರಗೆ ಚೆಲ್ಲಿ, ತೊಳೆದು, ಬಿಸಿಲಿಗೆ ಬೋರಲು ಹಾಕಿ ಬಂದು ಮತ್ತೆ ಪೆನ್ನು ಕಚ್ಚಿದಳು. ಏನೂ ಆಗಿಲ್ಲವಂತೆ.

ಅವಳದನ್ನು ಅವಳು ಬರೆದುಕೊಳ್ಳಲಿ. ಇದು ನನ್ನದು.

ಅವಳ ದೊಡ್ಡಮ್ಮ ಎಂದರೆ ನನ್ನ ಅಕ್ಕ. ಅಕ್ಕ ಮತ್ತು ನಾನು ಇಬ್ಬರೂ ದೊಡ್ಡಾಸ್ಪತ್ರೆಯಲ್ಲಿ ಕೊಳೆ ಬಟ್ಟೆ ಬಿಡಿಸುವವರು. ಅಕ್ಕ ಈಗ ಬಿಡಿಸುವುದಿಲ್ಲ. ನಾನು ಬಿಡಿಸುತ್ತೇನೆ. ಇವತ್ತಿನವರೆಗಂತೂ ಬಿಡಿಸಿದೆ.

ನಮ್ಮದು ನೆಲಮಾಳಿಗೆ. ಕಿಟಕಿ ಇಲ್ಲ. ಮೇಲಿನ ಮಹಡಿಗಳಿಂದೆಲ್ಲ ಒಂದು ತಗಡಿನ ಕೊಳವೆ ಇಳಿದು ನಮ್ಮ ಮೇಜಿನ ಪಕ್ಕ ಬಾಯಿ ಬಿಡುತ್ತದೆ. ವಾರ್ಡಿನವರು ಕೊಳೆಯಾದ ಚಾದರ, ಹೊದಿಕೆ, ರೋಗಿಗಳ ಅಂಗಿ ಎಲ್ಲ ಗಂಟು ಕಟ್ಟಿ ಮೇಲಿಂದ ಬಿಡುತ್ತಾರೆ. ದಡ್ ದಡ್ ದಡ್ ಎಂದು ತಗಡಿಗೆ ಬಡಿಯುತ್ತ ಬಂದು ಧೊಪ್ಪೆಂದು ಬೀಳುತ್ತದೆ. ಅದನ್ನು ಬಿಚ್ಚಬೇಕು. ಒಂದೊಂದನ್ನೂ ಜಾಡಿಸಬೇಕು. ರಕ್ತದ್ದು ಒಂದು ಕಡೆ, ಹೇಲು ಉಚ್ಚೆಯದು ಒಂದು ಕಡೆ, ಬರೀ ಬೆವರಿನದು ಒಂದು ಕಡೆ. ಆಮೇಲೆ ಮಿಷನ್ನಿಗೆ. ಬಟ್ಟೆಯೊಳಗೆ ಏನು ಬರುವುದಿಲ್ಲ ಹೇಳಿ. ಕತ್ತರಿ, ಚಮಚ, ಕಟ್ಟಿಸಿಕೊಂಡ ಹಲ್ಲು, ಒಮ್ಮೆ ಒಬ್ಬ ಡಾಕ್ಟರ ಕನ್ನಡಕ. ಮಿಷನ್ನಿಗೆ ಹೋದರೆ ಮಿಷನ್ ಕೆಡುತ್ತದೆ. ಮಿಷನ್ ದುಬಾರಿ. ಆದ್ದರಿಂದ ಗಂಟು ಬಿದ್ದ ಕೂಡಲೇ ಎತ್ತಿ ಸ್ಟೀಲ್ ಮೇಜಿನ ಮೇಲೆ ಕುಕ್ಕುತ್ತೇವೆ. ಟಣ್ ಎಂದರೆ ಕತ್ತರಿ. ಕಿಣಿ ಎಂದರೆ ಚಮಚ.

ಸೂಜಿ ಸದ್ದು ಮಾಡುವುದಿಲ್ಲ. ಸೂಜಿಯನ್ನು ಕೈಯೇ ಹುಡುಕಬೇಕು. ಬರಿಗೈ.

“ಗ್ಲೌಸ್ ಹಾಕಿದ್ರೆ ಕೈ ಕುರುಡಾಗುತ್ತೆ” ಎನ್ನುವುದು ನಮ್ಮ ಮೇಸ್ತ್ರಿಯ ಮಾತು. ಅದನ್ನು ಅವನಿಗಿಂತ ಗಟ್ಟಿಯಾಗಿ ನಂಬಿದವಳು ನನ್ನಕ್ಕ. ಕೆಲಸ ಕಲಿಸುವಾಗ ನನ್ನ ಮಣಿಕಟ್ಟು ಹಿಡಿದು ಹೇಳಿದ್ದಳು, “ಕೈಗೆ ಕಣ್ಣಿರ್ಬೇಕು ಕಣೆ. ಗ್ಲೌಸ್ ಕೇಳೋಳು ಕೆಲಸ ಬಾರದೋಳು.” ಹೊಸದಾಗಿ ಸೇರಿದವರು ಗ್ಲೌಸ್ ಕೇಳಿದರೆ ಇಡೀ ಮೇಜು ನಗುತ್ತಿತ್ತು. ಮೇಸ್ತ್ರಿ ನಗುತ್ತಿರಲಿಲ್ಲ. ಅವನ ಕೆಲಸವನ್ನು ನಾವೇ ಪುಕ್ಕಟೆ ಮಾಡಿಕೊಡುತ್ತಿದ್ದಾಗ ಅವನೇಕೆ ನಕ್ಕು ದಣಿಯಬೇಕು?

ಅಕ್ಕನಿಗೆ ಚುಚ್ಚಿದ್ದು ಒಂದು ಮಧ್ಯಾಹ್ನ. ಹೊದಿಕೆಯ ಮಡಿಕೆಯಲ್ಲಿತ್ತು. “ಸ್ಸ್” ಎಂದಳು. ಹೆಬ್ಬೆರಳ ಬುಡದಲ್ಲಿ ಒಂದು ಹನಿ ರಕ್ತ. ನೋವಿಗಿಂತ ಅವಳಿಗೆ ನಾಚಿಕೆಯೇ ಹೆಚ್ಚಾಯಿತು. ಬೇಗ ಬಟ್ಟೆಗೆ ಒರೆಸಿಕೊಂಡಳು. ನಾನು ಹೋಗಿ ಮೇಸ್ತ್ರಿಗೆ ಹೇಳಿದೆ.

“ಸೋಪ್ ಹಾಕಿ ತೊಳ್ಕೊಳ್ಳೋಕ್ ಹೇಳು. ಒಂದ್ ಸೂಜಿಗೆಲ್ಲ ಡಾಕ್ಟ್ರತ್ರ ಓಡ್ತಾರಾ? ಗಂಟು ಬಂದ್ ಬೀಳ್ತಾ ಇದೆ, ನೋಡಲ್ಲಿ.”

ಡಾಕ್ಟರು ನಮ್ಮ ತಲೆಯ ಮೇಲೆಯೇ ಇದ್ದರು. ಮೆಟ್ಟಿಲು ಹತ್ತಿದರೆ ಡಾಕ್ಟರು. ಆದರೆ ಮೆಟ್ಟಿಲು ನಮ್ಮದಲ್ಲ. ಕೊಳೆ ಬಟ್ಟೆಯವರು ಹಿಂದಿನ ಬಾಗಿಲಿಂದ ಬಂದು ಹಿಂದಿನ ಬಾಗಿಲಿಂದಲೇ ಹೋಗಬೇಕು. ಮೇಲೆ ಹೋದರೆ ರೋಗಿಗಳಿಗೆ ನಮ್ಮ ವಾಸನೆ ಆಗಿಬರುವುದಿಲ್ಲವಂತೆ. ಅದು ಅವರದೇ ವಾಸನೆ ಎಂದು ಯಾರಿಗೂ ಹೊಳೆಯಲಿಲ್ಲ.

ಅಕ್ಕ ಸೋಪು ಹಾಕಿ ತೊಳೆದುಕೊಂಡಳು.

ಕೆಲವು ತಿಂಗಳು ಕಳೆದ ಮೇಲೆ ಅವಳ ಕಣ್ಣು ಹಳದಿಯಾಯಿತು. ಹೊಟ್ಟೆ ಊದಿತು. ಕೈಕಾಲು ಕಡ್ಡಿಯಾಯಿತು. ರಕ್ತದಿಂದ ಹತ್ತಿದ ರೋಗ, ಲಿವರ್ ತಿಂದುಹಾಕಿದೆ ಎಂದು ಬೇರೆ ಕಡೆ ತೋರಿಸಿದಾಗ ಹೇಳಿದರು. ನಮ್ಮ ಆಸ್ಪತ್ರೆಯ ಆಫೀಸಿಗೆ ಹೋಗಿ ನಿಂತೆವು. “ಇಲ್ಲೇ ಚುಚ್ತು ಅನ್ನೋಕೆ ಸಾಕ್ಷಿ ಏನು?” ಎಂದರು. ಸಾಕ್ಷಿ ನಾನು ಎಂದೆ. “ನೀನು ತಂಗಿ” ಎಂದರು. ಅಲ್ಲಿಗೆ ಮುಗಿಯಿತು. ಅಕ್ಕನನ್ನು ನನ್ನ ಒಂದು ಕೋಣೆಯ ಮನೆಗೆ ಕರೆತಂದೆ. ಗಂಡಂದಿರ ವಿಷಯದಲ್ಲಿ ಅವಳ ಕಥೆಯೂ ನನ್ನ ಕಥೆಯೂ ಒಂದೇ, ಅದನ್ನು ಬರೆದು ಕಾಗದ ಹಾಳು ಮಾಡುವುದಿಲ್ಲ. ನಾನು ಕೆಲಸಕ್ಕೆ ಹೋದರೆ ಅವಳನ್ನು ನೋಡಿಕೊಳ್ಳುವವಳು ನನ್ನ ಮಗಳು. ಏನೂ ಆಗದವಳು.

ಇಷ್ಟಾದ ಮೇಲೆ ಒಂದು ದಿನ ನಮ್ಮ ಮೇಜಿಗೆ ಹಿರಿಯ ಡಾಕ್ಟರ ಮಗಳು ಬಂದಳು.

ಹಿರಿಯ ಡಾಕ್ಟರು ಎಂದರೆ ಆಸ್ಪತ್ರೆಗೇ ದೊಡ್ಡವರು. ಅವರ ಕಾಲು ನೆಲಮಾಳಿಗೆಯ ನೆಲಕ್ಕೆ ತಾಗಿದ್ದನ್ನು ನಾವು ಕಂಡಿರಲಿಲ್ಲ. ಮಗಳೊಬ್ಬಳೇ ಇಳಿದು ಬಂದಳು. ನನ್ನ ಮಗಳದೇ ವಯಸ್ಸು. ಮೇಸ್ತ್ರಿ ಅವಳ ಹಿಂದೆ ಬಾಗಿಕೊಂಡು, “ಚಿಕ್ಕಮೇಡಂ ಒಂದ್ ವಾರ ನಿಮ್ ಜೊತೆ ಕೆಲ್ಸ ಮಾಡ್ತಾರೆ. ಅನುಭವಕ್ಕೆ” ಎಂದ.

ನನ್ನ ಎದುರು ನಿಲ್ಲುವ ಹೆಂಗಸಿಗೆ ನಾವು ರೇಡಿಯೊ ಎನ್ನುತ್ತೇವೆ. ಬಾಯಿಗೆ ಬೀಗವಿಲ್ಲ. “ಅನುಭವ ಇಲ್ಲಿ ಸಿಗುತ್ತೆ ಅಂತ ಗೊತ್ತಿದ್ರೆ ಒಂದ್ ಅಂಗಡಿನೇ ಇಟ್ಕೋಬಹುದಿತ್ತಲ್ರೇ” ಎಂದಳು ಪಿಸುಮಾತಿನಲ್ಲಿ. ಅವಳ ಪಿಸುಮಾತು ಮಿಷನ್ ಮೀರಿ ಕೇಳುತ್ತದೆ. ಆ ಹುಡುಗಿಯೂ ನಕ್ಕುಬಿಟ್ಟಳು. ಅವಳ ನುಣ್ಣನೆಯ ಕೆನ್ನೆ ನೋಡಿ ಅಲ್ಲೇ ‘ಬೆಣ್ಣೆ’ ಎಂದು ಹೆಸರೂ ಬಿತ್ತು.

ಬೆಣ್ಣೆ ಕೆಟ್ಟವಳಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಅವಳು ಒಳ್ಳೆಯವಳು. ಅದೇ ಉರಿ. ನಮ್ಮ ಜೊತೆ ನೆಲದ ಮೇಲೆ ಕೂತು ಡಬ್ಬಿ ಬಿಚ್ಚಿದಳು. ಎಲ್ಲರನ್ನೂ ಆಂಟಿ ಎಂದಳು. ಆದರೆ ನಾನು ನೋಡಿದ್ದು ಅವಳ ಮುಖವನ್ನಲ್ಲ. ಅವಳ ಕೈಯನ್ನು. ಮೊಣಕೈವರೆಗೆ ಬರುವ ನೀಲಿ ರಬ್ಬರಿನ ಗ್ಲೌಸ್. ದಪ್ಪ, ಹೊಚ್ಚಹೊಸದು. ಮೇಸ್ತ್ರಿ ತನ್ನ ಕಪಾಟಿನ ಬೀಗ ತೆಗೆದು ಕೊಟ್ಟದ್ದು. ಆ ಕಪಾಟಿನಲ್ಲಿ ಅಂಥವು ಇನ್ನೂ ಒಂದು ಅಟ್ಟಿ ಇದ್ದವು. ನಾನು ಕಣ್ಣಾರೆ ನೋಡಿದೆ. ಅಕ್ಕನ ಬೆರಳು ನಾಚಿಕೊಂಡ ದಿನವೂ ಅವು ಅಲ್ಲಿಯೇ ಇದ್ದವೋ ಏನೋ.

ಅವಳ ಕೈ ಕುರುಡಾಗುವುದಿಲ್ಲವೇ ಎಂದು ಮೇಸ್ತ್ರಿಯನ್ನು ಕೇಳಿದೆ.

“ಅವ್ರು ಅತಿಥಿ ಕಣಮ್ಮ” ಎಂದ.

ಆ ಗ್ಲೌಸ್ ಕಂಡರೆ ನನಗೆ ಹಸಿವಾದ ಹಾಗೆ ಆಗುತ್ತಿತ್ತು. ಬೇರೆಯವರ ಕೈಯಲ್ಲಿ ಬಂಗಾರ ನೋಡಿ ಆಸೆಪಟ್ಟವಳಲ್ಲ ನಾನು. ರಬ್ಬರಿಗೆ ಆಸೆಪಟ್ಟೆ. ಅವಳು ಕೈತೊಳೆಯಲು ಅವನ್ನು ಬಿಚ್ಚಿ ಮೇಜಿನ ಅಂಚಿಗೆ ಹಾಕಿದಾಗ ಒಮ್ಮೆ ಬೆರಳು ತೂರಿಸಿ ನೋಡಿದೆ. ಒಳಗೆ ಬೆಚ್ಚಗಿತ್ತು. ಅವಳ ಬೆವರು. ಬ್ಲೀಚಿಂಗ್ ನೀರಿಗೆ ಸೀಳಿದ ನನ್ನ ಬೆರಳುಗಳು ಅದರೊಳಗೆ ಕಳ್ಳರ ಹಾಗೆ ಕೂತವು.

ವಾರ ಮುಗಿಯುತ್ತ ಬಂದಾಗ ಅವಳಿಗೆ ಸಾಕೆನಿಸಲಿಲ್ಲ. “ಆಂಟಿ, ನಾನು ನಿಜವಾಗ್ಲೂ ನಿಮ್ ಥರ ಮಾಡ್ತಾ ಇಲ್ಲ ಅನ್ಸುತ್ತೆ” ಎಂದು ಗ್ಲೌಸ್ ಬಿಚ್ಚತೊಡಗಿದಳು.

“ಬೇಡ ಮಗಾ, ಹಾಕ್ಕೊ. ಸೂಜಿ ಇರುತ್ತೆ” ಎಂದೆ. ಹೊಟ್ಟೆಕಿಚ್ಚಿದ್ದರೂ ಹೇಳಿದೆ. ಅವಳು ನಕ್ಕು ಬರಿಗೈಯನ್ನು ಗಂಟಿನೊಳಗೆ ಹಾಕಿದಳು.

ಚೀರಿದಳು.

ನಾನೇ ಅವಳ ಬೆರಳನ್ನು ನಲ್ಲಿಯ ಕೆಳಗೆ ಹಿಡಿದೆ. ಅಷ್ಟರಲ್ಲಿ ಮೇಸ್ತ್ರಿ ಓಡಿದ. ಅವನು ಓಡಬಲ್ಲ ಎಂದು ಅವತ್ತೇ ಗೊತ್ತಾಗಿದ್ದು. ನರ್ಸುಗಳು ಇಳಿದು ಬಂದರು, ಡಾಕ್ಟರುಗಳು ಇಳಿದು ಬಂದರು, ಗಾಲಿಕುರ್ಚಿ ಬಂತು. ಹಿರಿಯ ಡಾಕ್ಟರೇ ಇಳಿದು ಬಂದರು. ಒಂದು ಹನಿ ರಕ್ತ. ಅಕ್ಕನದೂ ಅಷ್ಟೇ ಇತ್ತು. ಅಲ್ಲಿಯೇ ನಿಲ್ಲಿಸಿ ತೋಳಿಗೆ ಒಂದು ಇಂಜೆಕ್ಷನ್ ಹಾಕಿದರು. ಮೇಲೆ ಕರೆದೊಯ್ದು ಮತ್ತೊಂದು ಹಾಕಿದರಂತೆ.

ಟ್ರೇ ಹಿಡಿದು ಹಿಂದೆ ಉಳಿದ ನರ್ಸನ್ನು ಕೇಳಿದೆ. “ಅದೇನದು ಸಿಸ್ಟರ್?”

“ಸೂಜಿ ಚುಚ್ಚಿದ್ರೆ ಬೇಗ ಹಾಕ್ಬೇಕು. ಆಗ ರೋಗ ಅಂಟಲ್ಲ.”

“ದೊಡ್ಡೋರ ಮಕ್ಳಿಗೆ ಮಾತ್ರನಾ?”

“ಅಯ್ಯೋ, ಇಲ್ಲಪ್ಪ! ಸ್ಟಾಫ್ ಎಲ್ರಿಗೂ. ಮೇಲೆ ಫ್ರಿಜ್ಜಲ್ಲಿ ಬೇಕಾದಷ್ಟಿದೆ. ನಿಮ್ಗೆ ಕೆಲಸಕ್ಕೆ ಸೇರಿದಾಗ್ಲೇ ಲಸಿಕೆ ಹಾಕಿರ್ಬೇಕಲ್ಲ? ಹಾಕಿಲ್ವಾ?”

ನಾವು ಒಬ್ಬರ ತೋಳನ್ನೊಬ್ಬರು ನೋಡಿಕೊಂಡೆವು. ಆ ನರ್ಸಿನ ಮುಖ ನಿಧಾನಕ್ಕೆ ಕೆಂಪಾಯಿತು. ಟ್ರೇ ಎತ್ತಿಕೊಂಡು ಹೋದಳು.

ಇತ್ತು. ಅವತ್ತೂ ಇತ್ತು. ಅಕ್ಕ ಸೋಪು ಉಜ್ಜುತ್ತ ನಿಂತಿದ್ದಾಗ ಅವಳ ತಲೆಯ ಮೇಲೆ, ಕೆಲವು ಮೆಟ್ಟಿಲಾಚೆ, ತಣ್ಣಗೆ ಫ್ರಿಜ್ಜಿನಲ್ಲಿ ಇತ್ತು.

ಮರುದಿನ ಮೇಸ್ತ್ರಿ ನನ್ನನ್ನು ಹಿರಿಯ ಡಾಕ್ಟರ ಬಾಗಿಲ ಬಳಿ ಕರೆದೊಯ್ದು, ಗ್ಲೌಸ್ ಬಿಚ್ಚಲು ಬಿಟ್ಟದ್ದಕ್ಕೆ ಕ್ಷಮೆ ಕೇಳಿಸಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಕೇಳಿದೆ. ಮನೆಯಲ್ಲಿ ಎರಡು ಬಾಯಿ ನನ್ನನ್ನೇ ಕಾಯುತ್ತವೆ. ಬಡವರ ಸಿಟ್ಟು ದವಡೆಗೆ ಮೂಲ ಎಂದು ಹಲ್ಲು ಕಚ್ಚಿಕೊಂಡು ಮತ್ತೆ ಗಂಟು ಬಿಚ್ಚಿದೆ. ಬರಿಗೈಯಲ್ಲೇ. ಬೆಣ್ಣೆ ಬಿಟ್ಟುಹೋದ ಗ್ಲೌಸ್ ವಾಪಸ್ ಕಪಾಟಿಗೆ ಹೋಯಿತು.

ಅಕ್ಕನಿಗೆ ಮದ್ದಿನ ವಿಷಯ ಹೇಳಲಿಲ್ಲ. ಹೇಳಿ ಏನು ಮಾಡಲಿ?

ಇವತ್ತು ಊಟದ ಹೊತ್ತಿಗೆ ಬೆಣ್ಣೆ ಮತ್ತೆ ಇಳಿದು ಬಂದಳು. ಚೆನ್ನಾಗಿದ್ದಾಳೆ, ಕೆನ್ನೆ ತುಂಬಿಕೊಂಡಿದೆ. ಕೈಯಲ್ಲಿ ಒಂದು ಕಾಗದ.

“ಆಂಟಿ, ನಂಗೆ ಕಾಲೇಜಿಗೆ ಒಂದ್ ಪ್ರಬಂಧ ಬರೀಬೇಕಿತ್ತು. ನಿಮ್ ಬಗ್ಗೇನೇ ಬರ್ದಿದೀನಿ. ಓದ್ಲಾ?”

ಯಾವ ಕಾಲೇಜು ಎಂದು ಕೇಳಿದೆ. ನನ್ನ ಮಗಳದೇ.

“ಓದಮ್ಮ” ಎಂದಳು ರೇಡಿಯೊ. “ನಮ್ ಬಗ್ಗೆ ಯಾರೂ ಬರ್ದಿಲ್ಲ, ಬೈದಿರೋದೇ ಎಲ್ಲ.”

ಓದಿದಳು. ಚೆನ್ನಾಗಿತ್ತು. ಸುಳ್ಳೇಕೆ ಹೇಳಲಿ, ನನ್ನ ಮಗಳಿಗೆ ಹಾಗೆ ಬರೆಯಲು ಬರುವುದಿಲ್ಲ. ಬೆಳಕಿಲ್ಲದ ಕೋಣೆ, ಕೊಳವೆಯ ಸದ್ದು, ನಮ್ಮ ನಗು. ‘ಒಂದು ಸೂಜಿ ನನ್ನನ್ನು ಬದಲಾಯಿಸಿತು’ ಎಂದಿತ್ತು. ‘ನಾನೂ ಅವರಂತೆ ಬರಿಗೈಯಲ್ಲಿ ದುಡಿದೆ’ ಎಂದಿತ್ತು. ‘ನೆಲಮಾಳಿಗೆಯ ತಾಯಿಯೊಬ್ಬಳು ನನ್ನ ಬೆರಳು ಹಿಡಿದು, ಎಲ್ಲ ನೋವೂ ಪಾಠ ಮಗು ಎಂದಳು’ ಎಂದಿತ್ತು.

ನಾನು ಹೇಳಿದ್ದು ‘ಸೂಜಿ ಇರುತ್ತೆ, ಗ್ಲೌಸ್ ಹಾಕ್ಕೊ’ ಎಂದು.

“ಗ್ಲೌಸಿನ ವಿಷ್ಯ ಬರ್ದಿಲ್ವಾ?” ಎಂದು ಕೇಳಿದೆ.

“ಅದು... ಅಷ್ಟು ಮುಖ್ಯ ಅನ್ನಿಸ್ಲಿಲ್ಲ ಆಂಟಿ.”

“ಇಂಜೆಕ್ಷನ್ ಹಾಕಿದ್ದು?”

“ಇಷ್ಟೇ ಪದ ಇರ್ಬೇಕು ಅಂತಾರೆ. ಎಲ್ಲಾ ಹಾಕಕ್ಕಾಗಲ್ಲ.”

“ನಿನಗೆ ಬಿಚ್ಚೋಕಾದ್ರೂ ಗ್ಲೌಸ್ ಇತ್ತಲ್ಲಮ್ಮ” ಎಂದೆ.

ಅವಳಿಗೆ ಅರ್ಥವಾಗಲಿಲ್ಲ. ಕಣ್ಣು ಪಿಳಿಪಿಳಿ ಮಾಡಿದಳು. ಆಗ ನನಗೆ ಬಂದದ್ದನ್ನು ಸಿಟ್ಟು ಎನ್ನಲೇ? ಅಲ್ಲ. ಹೊಟ್ಟೆಕಿಚ್ಚೇ. ಬೆರಳ ತುದಿಯಿಂದ ನೆತ್ತಿಯವರೆಗೆ. ಅವಳ ಗ್ಲೌಸಿಗೆ, ಅವಳ ಮದ್ದಿಗೆ, ಅವಳ ತುಂಬಿದ ಕೆನ್ನೆಗೆ. ಅವಳಿಗೆ ಚುಚ್ಚಿದ ಸೂಜಿಗೂ. ಒಂದೇ ಜಾತಿಯ ಸೂಜಿ. ನನ್ನ ಅಕ್ಕನಿಗೆ ತಾಗಿದ್ದು ಅಜಾಗರೂಕತೆ, ಅವಳಿಗೆ ತಾಗಿದ್ದು ಅನುಭವ. ಅವಳು ಬದಲಾದಳಂತೆ. ಅಕ್ಕನೂ ಬದಲಾದಳು. ಬಂದು ನೋಡಲಿ ಎಷ್ಟು ಬದಲಾಗಿದ್ದಾಳೆ ಎಂದು. ನಮ್ಮ ಪಾಲಿಗಿದ್ದದ್ದು ನೋವು ಒಂದೇ. ಅದನ್ನೂ ಇವಳು ಇಳಿದು ಬಂದು, ಒಳ್ಳೆಯ ಅಕ್ಷರದಲ್ಲಿ ಬರೆದು, ಎತ್ತಿಕೊಂಡು ಹೊರಟಿದ್ದಳು. ಅದೇ ಕಾಗದ ನನ್ನ ಮಗಳ ಸೀಟಿನ ಎದುರು ಹೋಗಿ ಕೂರುತ್ತದೆ. ಅವಳಿಗೇನೋ ಆಗಿದೆ. ನನ್ನ ಮಗಳಿಗೆ ಏನೂ ಆಗಿಲ್ಲ.

ಗಂಟೆ ಹೊಡೆಯಿತು. ಊಟದ ಹೊತ್ತು ಮುಗಿಯಿತು. ದಡ್ ದಡ್ ದಡ್, ಧೊಪ್.

ಎಲ್ಲರೂ ಎದ್ದು ಮೇಜಿಗೆ ಬಂದರು. ನಾನೂ ಬಂದೆ. ಗಂಟು ನನ್ನ ಮುಂದಿತ್ತು. ಎರಡೂ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡೆ.

“ಬಿಚ್ಚು” ಎಂದ ಮೇಸ್ತ್ರಿ.

“ಬಿಚ್ಚಲ್ಲ.”

“ಏನಂದೆ?”

“ಕೈಗೆ ಗ್ಲೌಸ್ ಕೊಡು. ತೋಳಿಗೆ ಲಸಿಕೆ ಹಾಕ್ಸು. ಆಮೇಲೆ ಬಿಚ್ತೀನಿ.”

“ತಲೆ ಕೆಟ್ಟಿದ್ಯಾ? ಹೊರಗೆ ನಿನ್ನಂಥೋರು ಸಾಲಾಗಿ ನಿಂತಿದಾರೆ.”

“ಕರಿ. ಅವ್ರಿಗೂ ಫ್ರಿಜ್ ಎಲ್ಲಿದೆ ಅಂತ ಹೇಳ್ತೀನಿ.”

ಮತ್ತೊಂದು ಗಂಟು ಬಿತ್ತು. ರೇಡಿಯೊ ಅದನ್ನು ನೋಡಿದಳು, ನನ್ನನ್ನು ನೋಡಿದಳು. ಅವಳೂ ಕೈಗಳನ್ನು ಕಂಕುಳಿಗೆ ಸೇರಿಸಿದಳು. ಒಂದು ಮಾತೂ ಆಡಲಿಲ್ಲ. ರೇಡಿಯೊ ಸುಮ್ಮನಾದದ್ದನ್ನು ನೋಡಿಯೇ ಉಳಿದವರಿಗೆ ಇದು ತಮಾಷೆಯಲ್ಲ ಎಂದು ತಿಳಿಯಿತು. ಒಬ್ಬೊಬ್ಬರೇ ಕೈ ಒಳಗೆ ಎಳೆದುಕೊಂಡರು. ಇಡೀ ಮೇಜಿನಲ್ಲಿ ಒಂದು ಕೈಯೂ ಕಾಣಲಿಲ್ಲ.

ಬೆಣ್ಣೆ ಇನ್ನೂ ಅಲ್ಲಿಯೇ ನಿಂತಿದ್ದಳು. ಕಣ್ಣಲ್ಲಿ ನೀರು. ಈಗ ಅವಳಿಗೆ ಅರ್ಥವಾಗಿತ್ತು ಎಂದು ಕಾಣುತ್ತದೆ. ಬಂದು ನನ್ನ ಪಕ್ಕ ನಿಂತು ಅವಳೂ ಕೈ ಕಟ್ಟಿದಳು. “ನಾನೂ ನಿಮ್ ಜೊತೆ ನಿಲ್ತೀನಿ ಆಂಟಿ.”

“ಬೇಡಮ್ಮ” ಎಂದೆ. “ಮೇಲೆ ಹೋಗು. ಇದು ನಮ್ಮದು. ಇದನ್ನೂ ಬರ್ಕೋಬೇಡ.”

ಅವಳ ಮುಖಕ್ಕೆ ಹೊಡೆದ ಹಾಗಾಯಿತು. ಹೋದಳು. ಪಾಪ ಎನಿಸಲಿಲ್ಲ. ಈಗ ಬರೆಯುವಾಗ ಸ್ವಲ್ಪ ಅನಿಸುತ್ತಿದೆ, ಇರಲಿ.

ಗಂಟುಗಳು ಬೀಳುತ್ತಲೇ ಇದ್ದವು. ಮೇಲಿನವರಿಗೆ ಕೆಳಗಿನದು ಗೊತ್ತಾಗುವುದಿಲ್ಲ, ಬಿಡುತ್ತಲೇ ಇರುತ್ತಾರೆ. ಕೊಳವೆಯ ಬಾಯಿ ಮುಚ್ಚಿತು. ಧೊಪ್ ಎನ್ನುವುದು ನಿಂತು ಪುಸ್ ಎಂದಿತು. ಆಮೇಲೆ ಕೊಳವೆ ಒಳಗೊಳಗೇ ತುಂಬತೊಡಗಿತು. ಮೊದಲ ಮಹಡಿ. ಎರಡನೆಯ ಮಹಡಿ. ಮೇಸ್ತ್ರಿಯ ಫೋನು ಬಡಿದುಕೊಳ್ಳಲು ಶುರುವಾಯಿತು. ಒಂದು ಮಹಡಿಯಲ್ಲಿ ಕೊಳವೆಯ ಮುಚ್ಚಳ ಹಾಕಲು ಆಗುತ್ತಿಲ್ಲವಂತೆ. ಇನ್ನೊಂದರಲ್ಲಿ ವರಾಂಡಕ್ಕೆಲ್ಲ ವಾಸನೆಯಂತೆ. ರೇಡಿಯೊ ಆಗ ಬಾಯಿ ತೆಗೆದಳು. “ನಾವು ಮೇಲೆ ಹೋಗೋ ಹಾಗಿಲ್ಲ, ಸರಿ. ನಮ್ ವಾಸನೆನಾದ್ರೂ ಹೋಗ್ಬರ್ಲಿ ಬಿಡ್ರೇ.”

ನಕ್ಕೆವು. ಕೈ ಹೊರಗೆ ತೆಗೆಯದೆ, ಭುಜ ಕುಲುಕಿಸಿ ನಕ್ಕೆವು. ಹೆದರಿಕೆ ಇರಲಿಲ್ಲ ಎಂದಲ್ಲ.

ಹಿರಿಯ ಡಾಕ್ಟರು ಇಳಿದು ಬಂದರು. ಎರಡನೆಯ ಸಲ. ಮೂಗಿಗೆ ಕರವಸ್ತ್ರ.

“ಯಾರು ಶುರು ಮಾಡಿದ್ದು?”

“ಸೂಜಿ, ಸಾರ್” ಎಂದೆ.

“ನಿಮ್ಗೆ ಏನ್ ಬೇಕು?”

“ನಿಮ್ ಮಗಳಿಗೆ ಕೊಟ್ಟಿದ್ದು.”

ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಕ್ಷಮೆ ಕೇಳಲು ಬಂದವಳು ಇವಳೇ ಎಂದು ಗುರುತು ಸಿಕ್ಕಿತೋ ಏನೋ. “ಆಯ್ತು. ನಾಳೆ ಕೂತು ಮಾತಾಡೋಣ. ಈಗ ಕೆಲಸ ಶುರು ಮಾಡಿ” ಎಂದರು.

“ಅವತ್ತು ನಿಮ್ ಮಗಳಿಗೆ ನಾಳೆ ಅಂದ್ರಾ ಸಾರ್?”

ಅವರು ಕರವಸ್ತ್ರವನ್ನು ಮೂಗಿಗೆ ಇನ್ನಷ್ಟು ಒತ್ತಿಕೊಂಡರು. ತಿರುಗಿ ಮೆಟ್ಟಿಲು ಹತ್ತಿದರು. ಮುಗಿಯಿತು, ಎಲ್ಲರ ಅನ್ನಕ್ಕೂ ಕಲ್ಲು ಹಾಕಿದೆ ಎಂದುಕೊಂಡೆ. ಯಾರೂ ಕೈ ತೆಗೆಯಲಿಲ್ಲ. ಮೇಲೆ ಮತ್ತೊಂದು ಗಂಟು ತಗಡಿಗೆ ಸಿಕ್ಕಿಕೊಂಡ ಸದ್ದಾಯಿತು. ಬಹಳ ಹೊತ್ತಾದ ಮೇಲೆ ಮೆಟ್ಟಿಲಲ್ಲಿ ಹೆಜ್ಜೆ ಕೇಳಿಸಿತು. ಅದೇ ನರ್ಸು. ಕೈಯಲ್ಲಿ ಟ್ರೇ. ಅವಳ ಹಿಂದೆ ಮೇಸ್ತ್ರಿ, ನೀಲಿ ಗ್ಲೌಸಿನ ಅಟ್ಟಿಯನ್ನು ಎದೆಗೆ ಒತ್ತಿಕೊಂಡು, ಸ್ವಂತ ಆಸ್ತಿ ಹಂಚುವವನ ಮುಖದಲ್ಲಿ.

“ನಿನ್ನ ನೆನಪಿಟ್ಕೊಂಡಿದೀನಿ” ಎಂದ ನನಗೆ ಕೊಡುವಾಗ.

“ಇಟ್ಕೊ” ಎಂದೆ. “ಮರೀಬೇಡ.”

ನಾಳೆ ಬಾಗಿಲಲ್ಲೇ ತಡೆಯುತ್ತಾನೋ ಏನೋ. ಗೊತ್ತಿಲ್ಲ.

ತೋಳು ನೋಯುತ್ತಿದೆ. ಇನ್ನೂ ಎರಡು ಸಲ ಹಾಕುತ್ತಾರಂತೆ. ನೋವಿಗೂ ಇಷ್ಟು ಹಿಗ್ಗು ಇರುತ್ತದೆ ಎಂದು ಗೊತ್ತಿರಲಿಲ್ಲ. ಮನೆಗೆ ಬರುವಾಗ ದಾರಿಯುದ್ದಕ್ಕೂ ಅದನ್ನು ಮುಟ್ಟಿ ಮುಟ್ಟಿ ನೋಡಿಕೊಂಡೆ. ಬಂದವಳೇ ಚಪ್ಪಲಿಯನ್ನೂ ಸರಿಯಾಗಿ ಬಿಡದೆ ಎಲ್ಲ ಹೇಳಿದೆ. ಅಕ್ಕ ಗೋಡೆಗೆ ಒರಗಿ ಕೂತಿದ್ದಳು. ಮಗಳು ಅವಳ ತಲೆ ಬಾಚುತ್ತಿದ್ದಳು. ಕೊಳವೆ ತುಂಬಿದ್ದನ್ನು ಕೇಳಿ ಅಕ್ಕ ನಕ್ಕಳು. ಎಷ್ಟೋ ದಿನದ ಮೇಲೆ ನಕ್ಕಳು. ಅವಳ ಊದಿದ ಹೊಟ್ಟೆ ಕುಲುಕಿ, ನೋವಾಗಿ, ಮತ್ತೆ ನಕ್ಕಳು. “ಆ ಮೇಸ್ತ್ರಿ ಮುಖ ನಾನ್ ನೋಡ್ಬೇಕಿತ್ತು ಕಣೆ!” ಗ್ಲೌಸ್ ಹೇಗಿದೆ ಎಂದು ಕೇಳಿದಳು. ಆಮೇಲೆ, “ಏನ್ ಇಂಜೆಕ್ಷನ್ನು? ಯಾತಕ್ಕೆ?” ಎಂದಳು.

ಮದ್ದಿನ ವಿಷಯ ಅವಳಿಗೆ ಹೇಳಿರಲಿಲ್ಲವಲ್ಲ.

“ಸೂಜಿ ಚುಚ್ಚಿದ್ರೆ ರೋಗ ಅಂಟದೇ ಇರೋಕೆ” ಎಂದೆ. “ಮೇಲೆ ಇಟ್ಟಿದ್ರಂತೆ. ಮೊದಲಿಂದಾನೂ.”

“ತೋರ್ಸು” ಎಂದಳು ಅಕ್ಕ.

ತೋಳು ಮೇಲೆತ್ತಿ ತೋರಿಸಿದೆ. ಒಂದು ಚೂರು ಹತ್ತಿ, ಅದರ ಮೇಲೆ ಪಟ್ಟಿ. ಹಳದಿ ಕಣ್ಣಿನಿಂದ ಅದನ್ನೇ ನೋಡಿದಳು. ಮುಖದ ಮೇಲೆ ನಗು ಇನ್ನೂ ಇತ್ತು, ಕಣ್ಣಲ್ಲಿ ಇರಲಿಲ್ಲ. ಆ ನೋಟದ ಪರಿಚಯ ನನಗಿದೆ. ನೀಲಿ ಗ್ಲೌಸನ್ನು ನಾನು ನೋಡುತ್ತಿದ್ದ ನೋಟ ಅದು.

“ನಿಂಗೆ ಸಿಕ್ತು” ಎಂದಳು.

ಬಾಚಣಿಗೆ ಹಿಡಿದ ಮಗಳ ಕೈ ಹಾಗೆಯೇ ನಿಂತಿತ್ತು. ಅವಳು ನಮ್ಮಿಬ್ಬರನ್ನೂ ನೋಡುತ್ತಿದ್ದಳು.

ಅಕ್ಕ ಕೈ ಚಾಚಿದಳು. ಕಣ್ಣಿದ್ದ ಕೈ ಅದು. ಹತ್ತಿಯ ಮೇಲೆ ಹೆಬ್ಬೆರಳಿಟ್ಟಳು. ಸವರುತ್ತಾಳೆ ಎಂದುಕೊಂಡೆ. ಒತ್ತಿದಳು. ಇದ್ದಬದ್ದ ಬಲವನ್ನೆಲ್ಲ ಹಾಕಿ ಒತ್ತಿದಳು. ಮೂಳೆಯವರೆಗೂ ನೋವು ಇಳಿಯಿತು.

ನಾನು ತೋಳನ್ನು ಎಳೆದುಕೊಳ್ಳಲಿಲ್ಲ.